ಹಿಂದೆ ನಿಂತು ಆಡಿದವರ ಊರು

ಮಕ್ಕಳೇ, ಮನೆಯಲ್ಲಿ ಅಟ್ಲಾಸ್ ಇದ್ದರೆ ಜರ್ಮನಿಯ ಪುಟ ತೆರೆಯಿರಿ. ಪಶ್ಚಿಮದ ಅಂಚಿನಲ್ಲಿ ದಕ್ಷಿಣದಿಂದ ಉತ್ತರಕ್ಕೆ ಹರಿಯುವ ರೈನ್ ನದಿ ಕಾಣುತ್ತದೆ. ಅದರ ಮೇಲೆ ಬೆರಳಿಟ್ಟು ಮೆಲ್ಲನೆ ಮೇಲಕ್ಕೆ ಸರಿಸಿ. ಒಂದು ಕಡೆ ಬಲಗಡೆಯಿಂದ ಮೈನ್ ಎಂಬ ಇನ್ನೊಂದು ನದಿ ಬಂದು ಸೇರುತ್ತದೆ. ಆ ಸಂಗಮದ ಎದುರು ದಂಡೆಯಲ್ಲಿರುವ ಊರೇ ಮೈಂಜ್. ಜನಸಂಖ್ಯೆ ಎರಡು ಲಕ್ಷಕ್ಕಿಂತ ತುಸು ಹೆಚ್ಚು. ನಮ್ಮ ಲೆಕ್ಕದಲ್ಲಿ ಒಂದು ಜಿಲ್ಲಾ ಕೇಂದ್ರದಷ್ಟು ದೊಡ್ಡದು, ಅಷ್ಟೇ.

ಇಷ್ಟು ಸಣ್ಣ ಊರು ಜಗತ್ತಿಗೆ ಎರಡು ದೊಡ್ಡ ಹೆಸರು ಕೊಟ್ಟಿದೆ. ಒಂದು, ಅಚ್ಚುಮೊಳೆಗಳನ್ನು ಜೋಡಿಸಿ ಪುಸ್ತಕ ಮುದ್ರಿಸುವ ವಿದ್ಯೆಯನ್ನು ಯುರೋಪಿಗೆ ಕೊಟ್ಟ ಯೋಹಾನೆಸ್ ಗುಟೆನ್‌ಬರ್ಗ್. ಇನ್ನೊಂದು, ಇಲ್ಲಿ ಫುಟ್‌ಬಾಲ್ ಆಡಿ, ಇಲ್ಲೇ ತರಬೇತುದಾರರಾಗಿ, ಆಮೇಲೆ ಲಿವರ್‌ಪೂಲ್ ತಂಡವನ್ನು ಯುರೋಪಿನ ಚಾಂಪಿಯನ್ ಮಾಡಿದ ಯೂರ್ಗೆನ್ ಕ್ಲಾಪ್. ಮೊದಲನೆಯವರನ್ನು ನೋಡಲು ನಾನು ಹೊರಟೆ, ಎರಡನೆಯವರನ್ನು ನೋಡಲು ನನ್ನ ಅಳಿಯ ಹೊರಟರು. ನಮ್ಮಿಬ್ಬರ ನಡುವೆ, ಯಾರನ್ನೂ ನೋಡುವ ಮನಸ್ಸಿಲ್ಲದೆ ಹೊರಟವನು ನನ್ನ ಹನ್ನೊಂದು ವರ್ಷದ ಮೊಮ್ಮಗ.

ಅವನ ಬೇಸರಕ್ಕೆ ಕಾರಣವಿತ್ತು. ಮಗಳ ಸಂಸಾರ ಇರುವುದು ಫ್ರಾಂಕ್‌ಫರ್ಟ್‌ನಲ್ಲಿ. ಮೊಮ್ಮಗ ಅಲ್ಲಿ ಬಡಾವಣೆಯ ಮಕ್ಕಳ ತಂಡದಲ್ಲಿ ಫುಟ್‌ಬಾಲ್ ಆಡುತ್ತಾನೆ. ಎರಡು ವರ್ಷ ಮುಂದಿನ ಸಾಲಿನಲ್ಲಿ ಆಡಿ ಗೋಲು ಹೊಡೆಯುತ್ತಿದ್ದವನನ್ನು ಹೊಸದಾಗಿ ಬಂದ ತರಬೇತುದಾರರು ಹಿಂದಿನ ಸಾಲಿಗೆ, ಡಿಫೆಂಡರ್ ಜಾಗಕ್ಕೆ, ಕಳಿಸಿದ್ದರು. ಅಂದಿನಿಂದ ಹುಡುಗ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಬೂಟು ಬಾಗಿಲ ಮೂಲೆಯಲ್ಲಿ ಮಣ್ಣು ಮೆತ್ತಿಕೊಂಡೇ ಬಿದ್ದಿತ್ತು.

"ಗೋಲು ಹೊಡೆದವನನ್ನ ಎಲ್ಲರೂ ಎತ್ಕೊಂಡು ಕುಣೀತಾರೆ ಅಜ್ಜಿ. ಹಿಂದೆ ನಿಂತವನ ಹೆಸರು ಯಾರಿಗೂ ಗೊತ್ತಿರಲ್ಲ. ಈ ತಿಂಗಳು ಮುಗಿದ ಮೇಲೆ ನಾನು ಹೋಗಲ್ಲ" ಎಂದುಬಿಟ್ಟಿದ್ದ. ಮಗಳು ಸಮಾಧಾನ ಹೇಳಿ ಸೋತಿದ್ದಳು. ಅಳಿಯ ಮಾತ್ರ ಏನೂ ಹೇಳದೆ, "ಅತ್ತೆ, ಶನಿವಾರ ಮೈಂಜ್‌ಗೆ ಹೋಗಿಬರೋಣವಾ? ನಿಮಗೆ ಮುದ್ರಣಾಲಯ, ಇವನಿಗೆ ಮೈದಾನ" ಎಂದರು.

ಹತ್ತು ಸಾವಿರ ಜನ ಕೂರುತ್ತಿದ್ದ ಬಯಲು

ಫ್ರಾಂಕ್‌ಫರ್ಟ್‌ನಿಂದ ಮೈಂಜ್‌ಗೆ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಬೇಡ. ವಿಮಾನ ನಿಲ್ದಾಣ ದಾಟಿ, ಹೊಲಗಳನ್ನು ದಾಟಿ, ರೈಲು ರೈನ್ ನದಿಯ ಸೇತುವೆ ಹತ್ತಿತು. ಕೆಳಗೆ ಸರಕು ತುಂಬಿದ ಉದ್ದನೆಯ ದೋಣಿಗಳು ಸಾಲಾಗಿ ಹೋಗುತ್ತಿದ್ದವು. ಸೇತುವೆ ಮುಗಿದೊಡನೆ ಸಿಗುವ ನಿಲ್ದಾಣದ ಹೆಸರೇ 'ರೋಮನ್ ರಂಗಮಂದಿರ'. ಪ್ಲಾಟ್‌ಫಾರ್ಮಿನ ಪಕ್ಕದಲ್ಲೇ ಕಲ್ಲಿನ ಅರ್ಧಚಂದ್ರಾಕಾರದ ಅವಶೇಷ ಕಾಣುತ್ತದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಇದು ರೋಮನ್ನರ ಸೇನಾ ನೆಲೆಯಾಗಿತ್ತು. ಆಗಿನ ಹೆಸರು ಮೊಗೊಂಟಿಯಾಕಂ. ಆಲ್ಪ್ಸ್ ಪರ್ವತದ ಉತ್ತರಕ್ಕೆ ರೋಮನ್ನರು ಕಟ್ಟಿದ ಅತಿ ದೊಡ್ಡ ರಂಗಮಂದಿರ ಇದೇ. ಹತ್ತು ಸಾವಿರ ಜನ ಕೂತು ನಾಟಕ ನೋಡುತ್ತಿದ್ದರಂತೆ.

"ಆಗಲೂ ಸ್ಟೇಡಿಯಂ ಇತ್ತಾ?" ಎಂದು ಮೊಮ್ಮಗ ಕೇಳಿದ. ಅಂದು ಅವನು ತಾನಾಗಿ ಆಡಿದ ಮೊದಲ ಮಾತು ಅದು.

ಅಲ್ಲಿಂದ ಸ್ವಲ್ಪ ಏರು ಹತ್ತಿದರೆ ಸಂತ ಸ್ಟೆಫಾನ್ ಚರ್ಚು. ಹೊರಗಿನಿಂದ ಸಾಧಾರಣ ಕಟ್ಟಡ. ಒಳಗೆ ಕಾಲಿಟ್ಟರೆ ಕೊಳದ ನೀರಿನೊಳಗೆ ನಿಂತಂತಾಗುತ್ತದೆ. ಕಿಟಕಿಗಳೆಲ್ಲ ನೀಲಿ ಗಾಜು, ಗಾಜಿನಲ್ಲಿ ತೇಲುವ ದೇವದೂತರು. ಅವುಗಳಲ್ಲಿ ಒಂಬತ್ತು ಕಿಟಕಿಗಳನ್ನು ಮಾಡಿಕೊಟ್ಟವರು ಮಾರ್ಕ್ ಶಗಾಲ್ ಎಂಬ ಹೆಸರಾಂತ ಯಹೂದಿ ಚಿತ್ರಕಾರರು. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನ ಆಡಳಿತ ಯಹೂದಿಗಳ ಮೇಲೆ ನಡೆಸಿದ ಕ್ರೌರ್ಯ ನಿಮಗೆ ಗೊತ್ತಿರಬಹುದು. ಶಗಾಲ್ ಕೂಡ ಆಗ ಯುರೋಪು ಬಿಟ್ಟು ಓಡಬೇಕಾಯಿತು. ಅಂಥವರು ಜರ್ಮನಿಯ ಚರ್ಚಿಗೆ ಕಿಟಕಿ ಮಾಡಿಕೊಟ್ಟದ್ದು ಸ್ನೇಹದ ಗುರುತಾಗಿ. ಮೊದಲ ಕಿಟಕಿ ಕೂರಿಸಿದಾಗ 1978. ಆಗ ಅವರಿಗೆ ತೊಂಬತ್ತು ದಾಟಿತ್ತು. 'ವಯಸ್ಸಾಯಿತು, ಇನ್ನೇನು ಮಾಡೋದು' ಎನ್ನುವ ನನ್ನ ವಯಸ್ಸಿನವರು ಈ ಮಾತನ್ನು ಒಂದು ಕಡೆ ಬರೆದಿಟ್ಟುಕೊಳ್ಳಬೇಕು.

ಮೈಂಜ್ ಬಿದ್ದು ಎದ್ದ ಊರು. ಊರ ನಡುವಿನ ಕೆಂಪು ಕಲ್ಲಿನ ದೊಡ್ಡ ಕೆಥೆಡ್ರಲ್ ಸಾವಿರ ವರ್ಷ ಹಳೆಯದು. 1009ರಲ್ಲಿ ಅದರ ಪ್ರತಿಷ್ಠಾಪನೆಯ ಹೊತ್ತಿಗೇ ಬೆಂಕಿ ಬಿದ್ದು ಸುಟ್ಟುಹೋಯಿತು. ಜನ ಮತ್ತೆ ಕಟ್ಟಿದರು. 1945ರ ಫೆಬ್ರವರಿ 27ರಂದು ಬಾಂಬುಗಳು ಬಿದ್ದು ಊರಿನ ಬಹುಭಾಗ ನೆಲಸಮವಾಯಿತು. ಮತ್ತೆ ಕಟ್ಟಿದರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಕಥೆಗೆ ಬೇಕು.

ಸಂತೆಯಲ್ಲಿ ಸಿಕ್ಕ ಅಜ್ಜ

ಕೆಥೆಡ್ರಲ್ ಮುಂದೆ ಶನಿವಾರದ ಸಂತೆ ಸೇರಿತ್ತು. ಮೇ ತಿಂಗಳು, ಸ್ಟ್ರಾಬೆರಿ ರಾಶಿ, ಬಿಳಿ ಆಸ್ಪರಗಸ್ ಕಟ್ಟು, ಬುಟ್ಟಿ ಬುಟ್ಟಿ ಹೂವು. ನಮ್ಮಂಥ ಸಸ್ಯಾಹಾರಿಗಳಿಗೂ ಈ ಊರಲ್ಲಿ ಒಂದು ತಿಂಡಿಯಿದೆ. ಹೆಸರು ಸ್ಪುಂಡೆಕೇಸ್. ಮೆದು ಚೀಸಿಗೆ ಈರುಳ್ಳಿ, ಕೆಂಪು ಮೆಣಸಿನ ಪುಡಿ ಹಾಕಿ ಕಲಸಿರುತ್ತಾರೆ. ನಂಚಿಕೊಳ್ಳಲು ಉಪ್ಪು ಹರಳಿನ ಪುಟ್ಟ ಪ್ರೆಟ್ಸೆಲ್‌ಗಳು. ನೀರು ಬಸಿದ ಗಟ್ಟಿ ಮೊಸರಿನ ಬಜ್ಜಿ ತಿಂದಂತಿತ್ತು.

ನಮ್ಮ ಬೆಂಚಿನ ಇನ್ನೊಂದು ತುದಿಯಲ್ಲಿ ಕೆಂಪು ಬಿಳಿ ಮಫ್ಲರ್ ಸುತ್ತಿಕೊಂಡ ಮುದುಕರೊಬ್ಬರು ಕೂತಿದ್ದರು. ಮೊಮ್ಮಗನ ತಲೆಯ ಮೇಲಿದ್ದ ಫ್ರಾಂಕ್‌ಫರ್ಟ್ ತಂಡದ ಟೋಪಿ ನೋಡಿ ಹುಬ್ಬು ಗಂಟಿಕ್ಕಿ, ಆಮೇಲೆ ನಕ್ಕು ಏನೋ ಹೇಳಿದರು. ಅಳಿಯ ಕನ್ನಡದಲ್ಲಿ ಹೇಳಿದರು: "ನಿಮ್ಮೂರಿನವರು ನಮಗೆ ಒಂದು ಗೋಲು ಬಾಕಿ ಕೊಡಬೇಕು ಮರಿ, ಅಂತಿದ್ದಾರೆ."

ಯಾವ ಗೋಲು ಎಂದು ಹುಡುಗ ಕೇಳಿದ. "ಮೈದಾನಕ್ಕೆ ಹೋಗಿ ಹೇಳ್ತೀನಿ" ಎಂದು ಅಳಿಯ ಕುತೂಹಲ ಉಳಿಸಿದರು. ಬದಲಿಗೆ ಕ್ಲಾಪ್ ಅವರ ಬಾಲ್ಯದ ಕಥೆ ಶುರು ಮಾಡಿದರು.

ಕ್ಲಾಪ್ ಹುಟ್ಟಿದ್ದು 1967ರಲ್ಲಿ, ಸ್ಟುಟ್‌ಗಾರ್ಟ್‌ನಲ್ಲಿ. ಬೆಳೆದದ್ದು ಬ್ಲ್ಯಾಕ್ ಫಾರೆಸ್ಟ್ ಕಾಡಿನ ಗ್ಲಾಟೆನ್ ಎಂಬ ಹಳ್ಳಿಯಲ್ಲಿ. ಇಬ್ಬರು ಅಕ್ಕಂದಿರ ಮೇಲೆ ಹುಟ್ಟಿದ ಗಂಡುಮಗು. ತಂದೆ ನಾರ್ಬರ್ಟ್ ಊರೂರು ತಿರುಗಿ ವ್ಯಾಪಾರ ಮಾಡುತ್ತಿದ್ದವರು, ಯೌವನದಲ್ಲಿ ಒಳ್ಳೆಯ ಗೋಲ್‌ಕೀಪರ್. ಮಗನಿಗೆ ಸ್ಕೀಯಿಂಗ್, ಟೆನಿಸ್, ಫುಟ್‌ಬಾಲ್ ಎಲ್ಲವನ್ನೂ ಅವರೇ ಕಲಿಸಿದರು. ಆದರೆ ಸುಲಭಕ್ಕೆ 'ಶಹಬ್ಬಾಸ್' ಎನ್ನುವವರಲ್ಲ. ಓಟದಲ್ಲಿ ಮಗನೆಂದು ಬಿಟ್ಟುಕೊಡುತ್ತಲೂ ಇರಲಿಲ್ಲ.

ಇಪ್ಪತ್ತರ ಹೊತ್ತಿಗೆ ಕ್ಲಾಪ್ ಫ್ರಾಂಕ್‌ಫರ್ಟ್‌ಗೆ ಬಂದರು. ಸಣ್ಣ ತಂಡಗಳಲ್ಲಿ ಆಟ, ವಿಶ್ವವಿದ್ಯಾಲಯದಲ್ಲಿ ಕ್ರೀಡಾವಿಜ್ಞಾನದ ಓದು. ಆ ವಯಸ್ಸಿಗೇ ಒಂದು ಮಗುವಿನ ತಂದೆಯೂ ಆಗಿದ್ದರಿಂದ ಸಂಪಾದನೆ ಬೇಕಿತ್ತು. ಚಿತ್ರಮಂದಿರಗಳಿಗೆ ಹೋಗುವ ಸಿನಿಮಾ ರೀಲುಗಳ ಗೋದಾಮಿನಲ್ಲಿ ಕೆಲಸಕ್ಕೆ ನಿಂತರು. ಆ ಭಾರದ ರೀಲು ಡಬ್ಬಗಳು ಹೇಗಿದ್ದವೆಂದು ನಿಮ್ಮ ತಾತನನ್ನು ಕೇಳಿ, ಹೇಳುತ್ತಾರೆ. ಇದರ ನಡುವೆಯೇ ಫ್ರಾಂಕ್‌ಫರ್ಟ್ ಕ್ಲಬ್ಬಿನ ಚಿಕ್ಕ ಮಕ್ಕಳ ತಂಡಕ್ಕೆ ಆಟ ಹೇಳಿಕೊಟ್ಟರು. ಅಂದರೆ ಅವರು ಮೊದಲು ತರಬೇತಿ ಕೊಟ್ಟದ್ದು ನನ್ನ ಮೊಮ್ಮಗನ ವಯಸ್ಸಿನ ಹುಡುಗರಿಗೆ!

ಓದಿನ ಕೊನೆಗೆ ಅವರು ಬರೆದ ಪ್ರಬಂಧದ ವಿಷಯ ಕೇಳಿ ನಾನು ನಕ್ಕುಬಿಟ್ಟೆ. ಅದು ವಾಕಿಂಗ್ ಕುರಿತದ್ದು. ಬೆಳಗ್ಗೆ ಎದ್ದು ಉದ್ಯಾನವನಕ್ಕೆ ಮೂರು ಸುತ್ತು ಹಾಕುವ ನಾವು ಅಜ್ಜ ಅಜ್ಜಿಯರು ಕ್ಲಾಪ್ ಅವರ ಪಾಠದವರೇ ಆದೆವು.

ಐವತ್ತನೇ ಅಕ್ಷಾಂಶದ ಮೇಲೆ ಒಂದು ಕಾಲು

ಸಂತೆಯಿಂದ ನಾಲ್ಕು ಹೆಜ್ಜೆ ಹೋದರೆ ಗುಟೆನ್‌ಬರ್ಗ್ ಚೌಕ. ಒಂದು ಬದಿಗೆ ಗುಟೆನ್‌ಬರ್ಗ್ ಪ್ರತಿಮೆ, ಇನ್ನೊಂದು ಬದಿಗೆ ನಾಟಕಶಾಲೆ. ನೆಲದ ಕಲ್ಲುಹಾಸಿನಲ್ಲಿ ಲೋಹದ ಪಟ್ಟಿಯೊಂದು ಹಾದುಹೋಗುತ್ತದೆ. ಅದು 50 ಡಿಗ್ರಿ ಉತ್ತರ ಅಕ್ಷಾಂಶದ ಗುರುತು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ, ಗ್ಲೋಬ್ ತಿರುಗಿಸಿ ತಿರುಗಿಸಿ ಅಕ್ಷಾಂಶ ತೋರಿಸಿದವಳಿಗೆ, ಅದು ಕಾಲಡಿಗೇ ಸಿಕ್ಕಿದರೆ ಸುಮ್ಮನಿರಲಾದೀತೇ? ಸೀರೆಯ ನೆರಿಗೆ ಎತ್ತಿ ಹಿಡಿದು ಪಟ್ಟಿಯ ಆಚೆಗೊಂದು ಈಚೆಗೊಂದು ಕಾಲಿಟ್ಟು ನಿಂತೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಹಾಗಾದರೆ ನಾನು ಬೆಂಗಳೂರಿಗಿಂತ ಎಷ್ಟು ಉತ್ತರಕ್ಕೆ ನಿಂತಿದ್ದೆ? ಲೆಕ್ಕ ನೀವೇ ಹಾಕಿ ಮಕ್ಕಳೇ.

ರಸ್ತೆ ದಾಟುವಾಗ ಮೊಮ್ಮಗನಿಗೊಂದು ಮಜಾ ಸಿಕ್ಕಿತು. ಪಾದಚಾರಿಗಳ ಸಿಗ್ನಲ್‌ನಲ್ಲಿ ಮಾಮೂಲಿ ಮನುಷ್ಯನ ಚಿತ್ರವಿರಲಿಲ್ಲ, ಟೋಪಿ ಹಾಕಿದ ಕುಳ್ಳನಿದ್ದ. ಈ ಊರಿನ ದೂರದರ್ಶನ ಸಂಸ್ಥೆಯ ಕಾರ್ಟೂನ್ ಕುಳ್ಳರು ಇವರು. ಕೆಂಪು ದೀಪದಲ್ಲಿ ಕೈಚಾಚಿ ತಡೆಯುತ್ತಾರೆ, ಹಸಿರಿನಲ್ಲಿ ನಡೆಯುತ್ತಾರೆ.

ಇಂಥ ತಮಾಷೆ ಈ ಊರಿನ ಸ್ವಭಾವ. ನವೆಂಬರ್ 11ರಂದು ಬೆಳಗ್ಗೆ 11 ಗಂಟೆ 11 ನಿಮಿಷಕ್ಕೆ ಶುರುವಾಗುವ ಕಾರ್ನಿವಲ್ ಹಬ್ಬದ ಕಾಲ ಫೆಬ್ರವರಿಯ ಆಸುಪಾಸಿನಲ್ಲಿ ಮೆರವಣಿಗೆಯೊಂದಿಗೆ ತುದಿ ಮುಟ್ಟುತ್ತದೆ. ಆ ಸೋಮವಾರ ಊರಿಗೆ ಊರೇ ವೇಷ ಹಾಕಿ ಬೀದಿಗೆ ಬರುತ್ತದೆ. ನಮ್ಮ ಕರಗ, ದಸರಾ, ಹೋಳಿ ಮೂರೂ ಒಟ್ಟಿಗೆ ಬಂದಂತೆ. ಎದುರಾಳಿ ತಂಡದವರು ಮೈಂಜ್ ತಂಡವನ್ನು 'ಬರೀ ಕಾರ್ನಿವಲ್ ಕ್ಲಬ್' ಎಂದು ಹೀಯಾಳಿಸುತ್ತಿದ್ದರು. ಮೈಂಜ್‌ನವರು 'ಹೌದು, ನಾವು ಅದೇ' ಎಂದು ಆ ಹೆಸರನ್ನೇ ಹಾಡಾಗಿ ಹಾಡಿಕೊಂಡರು. ಈಗಲೂ ಅಲ್ಲಿ ಗೋಲು ಬಿದ್ದರೆ ಮೊಳಗುವುದು ಕಾರ್ನಿವಲ್ ವಾದ್ಯ.

ಕಬಡ್ಡಿ ಗೊತ್ತಿದ್ದರೆ ಇದೂ ಗೊತ್ತಾಗುತ್ತದೆ

ಊಟ ಮುಗಿಸಿ ಬಸ್ಸಿನಲ್ಲಿ ಬ್ರೂಕ್‌ವೆಗ್ ಮೈದಾನಕ್ಕೆ ಹೋದೆವು. 1905ರಲ್ಲಿ ಹುಟ್ಟಿದ ಮೈಂಜ್ 05 ಕ್ಲಬ್ಬಿನ ಹಳೆಯ ಮೈದಾನವಿದು. ದೊಡ್ಡ ಪಂದ್ಯಗಳು 2011ರಿಂದ ಊರ ಹೊರಗಿನ ಹೊಲಗಳ ನಡುವೆ ಎದ್ದ ಹೊಸ ಕ್ರೀಡಾಂಗಣದಲ್ಲಿ ನಡೆಯುತ್ತವೆ. ಇಲ್ಲಿ ಈಗ ಕಿರಿಯರ ಆಟ, ಅಭ್ಯಾಸ.

ಕ್ಲಾಪ್ ಇಲ್ಲಿಗೆ ಬಂದದ್ದು 1990ರಲ್ಲಿ. ಮೈಂಜ್ ಆಗ ಎರಡನೇ ದರ್ಜೆಯ ಲೀಗ್‌ನಲ್ಲಿದ್ದ ಬಡ ತಂಡ. ಕ್ಲಾಪ್ ಮುಂದಿನ ಸಾಲಿನ ಆಟಗಾರ. 1991ರಲ್ಲಿ ಎರ್ಫರ್ಟ್ ತಂಡದ ಮೇಲೆ ಒಂದೇ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದದ್ದೂ ಉಂಟು. ಆದರೂ ತಾನು ದೊಡ್ಡ ಆಟಗಾರನಲ್ಲ ಎಂದು ಅವರಿಗೇ ಗೊತ್ತಿತ್ತು. ತನ್ನ ತಲೆ ಮೊದಲನೇ ದರ್ಜೆಯದು, ಕಾಲು ನಾಲ್ಕನೇ ದರ್ಜೆಯದು ಎಂದು ಆಮೇಲೆ ತಮಾಷೆ ಮಾಡಿಕೊಂಡಿದ್ದಾರೆ.

1995ರಲ್ಲಿ ವೋಲ್ಫ್‌ಗಾಂಗ್ ಫ್ರಾಂಕ್ ಎಂಬ ಹೊಸ ತರಬೇತುದಾರರು ಬಂದರು. ಅದೇ ವರ್ಷ ಕ್ಲಾಪ್ ಮುಂದಿನ ಸಾಲು ಬಿಟ್ಟು ಹಿಂದಿನ ಸಾಲಿಗೆ, ಬಲಬದಿಯ ಡಿಫೆಂಡರ್ ಜಾಗಕ್ಕೆ ಹೋದರು.

ಇಲ್ಲಿ ಮೊಮ್ಮಗ ತಲೆ ಎತ್ತಿದ. "ಅವರಿಗೂ ಹಂಗೇ ಮಾಡಿದ್ರಾ?"

"ಹೂಂ ಮಗಾ. ಆಗ ಅವರಿಗೆ ಇಪ್ಪತ್ತೆಂಟು. ನಿನಗಿಂತ ಕಷ್ಟ" ಎಂದರು ಅಳಿಯ.

ಫ್ರಾಂಕ್ ಮಾಡಿದ ಬದಲಾವಣೆ ಏನೆಂದು ಅಳಿಯ ವಿವರಿಸತೊಡಗಿದರು. ನನಗೆ ಫುಟ್‌ಬಾಲ್ ಗೊತ್ತಿಲ್ಲ, ಕಬಡ್ಡಿ ಗೊತ್ತು. ನಮ್ಮ ಶಾಲೆಯ ಹುಡುಗಿಯರನ್ನು ತಾಲ್ಲೂಕು ಕ್ರೀಡಾಕೂಟಕ್ಕೆ ವರ್ಷ ವರ್ಷ ಕರೆದುಕೊಂಡು ಹೋಗುತ್ತಿದ್ದವಳು ನಾನು. ಹಾಗಾಗಿ ನಾನು ಅರ್ಥ ಮಾಡಿಕೊಂಡ ರೀತಿಯಲ್ಲೇ ನಿಮಗೂ ಹೇಳುತ್ತೇನೆ.

ಆಗ ಜರ್ಮನಿಯಲ್ಲಿ ಡಿಫೆಂಡರ್ ಎಂದರೆ ಎದುರಾಳಿಯ ನೆರಳು. ನಿನಗೊಬ್ಬ, ನನಗೊಬ್ಬ ಎಂದು ಹಂಚಿಕೊಂಡು, ಅವನು ಹೋದಲ್ಲೆಲ್ಲ ಹಿಂಬಾಲಿಸುವುದು. ಎಲ್ಲರ ಹಿಂದೆ ಒಬ್ಬ ಹೆಚ್ಚಿನವನು ಕಾವಲಿಗೆ. ಎದುರಾಳಿ ಜಾಣನಾದರೆ ಏನು ಮಾಡುತ್ತಾನೆ? ತನ್ನ ನೆರಳನ್ನು ಮೂಲೆಗೆ ಎಳೆದುಕೊಂಡು ಹೋಗುತ್ತಾನೆ. ನಡುವೆ ಬಾಗಿಲು ತೆರೆದಂತಾಗುತ್ತದೆ.

ಫ್ರಾಂಕ್ ಇದನ್ನು ಬಿಟ್ಟು ನಾಲ್ವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದರು. ಮನುಷ್ಯನನ್ನು ಕಾಯಬೇಡಿ, ಜಾಗ ಕಾಯಿರಿ. ಚೆಂಡು ಎಡಕ್ಕೆ ಹೋದರೆ ನಾಲ್ವರೂ ಎಡಕ್ಕೆ, ಬಲಕ್ಕೆ ಹೋದರೆ ನಾಲ್ವರೂ ಬಲಕ್ಕೆ. ಕಬಡ್ಡಿಯಲ್ಲಿ ರೈಡರ್ ಬಂದಾಗ ನಮ್ಮ ಹುಡುಗಿಯರು ಕೈ ಕೈ ಹಿಡಿದು ಸರಪಳಿಯಾಗಿ ಸರಿಯುತ್ತಿದ್ದರಲ್ಲ, ಹಾಗೆ. ಆಸೆಗೆ ಬಿದ್ದು ಒಬ್ಬಳೇ ನುಗ್ಗಿದರೆ ಸರಪಳಿ ಹರಿಯಿತು, ಆಟ ಕೆಟ್ಟಿತು. ಇಲ್ಲಿ ಕೈ ಹಿಡಿದಿರುವುದಿಲ್ಲ, ಕಣ್ಣಿನಲ್ಲೇ ಹಿಡಿದುಕೊಳ್ಳಬೇಕು.

ಇದನ್ನು ಕಲಿಸಲು ಫ್ರಾಂಕ್ ಚೆಂಡೇ ಇಲ್ಲದೆ, ನೆಲದಲ್ಲಿ ಕೋಲು ನೆಟ್ಟು, ಗಂಟೆಗಟ್ಟಲೆ ಸರಿದಾಡಿಸುತ್ತಿದ್ದರಂತೆ. ಆಟಗಾರರಿಗೆ ಬೇಸರ ಬರುತ್ತಿತ್ತು. ಆದರೆ ಆ ವರ್ಷ ಅರ್ಧ ಲೀಗ್ ಮುಗಿದಾಗ ಕೆಳಗಿದ್ದ ತಂಡ, ಉಳಿದರ್ಧದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡಿತು. ಆಟಗಾರರು ಅವರೇ, ಬದಲಾದದ್ದು ನಿಲ್ಲುವ ಕ್ರಮ. ಈ ಪಾಠ ಕ್ಲಾಪ್ ಅವರ ತಲೆಯಲ್ಲಿ ಕೂತುಬಿಟ್ಟಿತು. ಆಟದ ನಡುವೆಯೇ ಅವರು ಕೋಲ್ನ್ ಊರಿಗೆ ಹೋಗಿ ತರಬೇತುದಾರರ ಪಾಠ ಕೇಳಿ ಬರತೊಡಗಿದರು. ತಾನು ಆಡಿದ 325 ಲೀಗ್ ಪಂದ್ಯಗಳನ್ನೂ ಅವರು ಆಡಿದ್ದು ಎರಡನೇ ದರ್ಜೆಯಲ್ಲೇ. ಹೊಡೆದ ಗೋಲು 52.

ಬೇಲಿಯಾಚೆ ಚಿಕ್ಕ ಹುಡುಗರ ಎರಡು ತಂಡ ಆಡುತ್ತಿದ್ದವು. ನಾನು ಬಿಸಿಲಿಗೆ ಕೊಡೆ ಬಿಚ್ಚಿ ನಿಂತೆ. ಸ್ವಲ್ಪ ಹೊತ್ತಾದ ಮೇಲೆ ಮೊಮ್ಮಗ ನನ್ನ ಸೆರಗು ಎಳೆದ. "ಅಜ್ಜಿ, ಆ ಕೊನೇಲಿ ನಿಂತಿರೋ ಉದ್ದದ ಹುಡುಗನ್ನ ನೋಡು. ಅವನೊಬ್ಬನೇ ಕೂಗ್ತಾ ಇದಾನೆ."

ನಿಜ. ಚೆಂಡು ಎಲ್ಲೋ ಇತ್ತು. ಆ ಹುಡುಗ ಮಾತ್ರ ಕೈ ಚಾಚಿ ಒಬ್ಬನನ್ನು ಎಡಕ್ಕೆ ಕಳಿಸುತ್ತಿದ್ದ, ಇನ್ನೊಬ್ಬನಿಗೆ ಹಿಂದೆ ನೋಡು ಎನ್ನುತ್ತಿದ್ದ, ಎಲ್ಲರನ್ನೂ ಮುಂದಕ್ಕೆ ಕರೆಯುತ್ತಿದ್ದ.

"ಮುಂದೆ ಆಡೋನಿಗೆ ಕಾಣೋದು ಗೋಲ್‌ಕೀಪರ್ ಒಬ್ಬನೇ" ಎಂದರು ಅಳಿಯ. "ಹಿಂದೆ ನಿಂತವನಿಗೆ ಇಡೀ ಮೈದಾನ ಕಾಣುತ್ತೆ. ಕಂಡದ್ದನ್ನ ಅವನು ಹೇಳಲೇಬೇಕು. ಹೇಳದಿದ್ರೆ ಉಳಿದವರಿಗೆ ಗೊತ್ತಾಗಲ್ಲ."

ಹುಡುಗ ಮಾತಾಡಲಿಲ್ಲ. ಆದರೆ ಪಂದ್ಯ ಮುಗಿಯುವ ತನಕ ಬೇಲಿ ಬಿಟ್ಟು ಬರಲಿಲ್ಲ.

ಒಂದು ಅಂಕ, ಒಂದು ಗೋಲು

ಮುಂದಿನ ಕಥೆಯನ್ನು ಆ ಬೇಲಿಯ ಬಳಿಯೇ ಕೇಳಿದೆವು. 2001ರ ಫೆಬ್ರವರಿ. ಮೈಂಜ್ ಸೋಲಿನ ಮೇಲೆ ಸೋಲುಂಡು ಮೂರನೇ ದರ್ಜೆಗೆ ಬೀಳುವ ಸ್ಥಿತಿಯಲ್ಲಿತ್ತು. ಊರಿನಲ್ಲಿ ಕಾರ್ನಿವಲ್ ಗದ್ದಲ. ಆಟಗಾರರ ಗಮನ ಕೆಡದಿರಲೆಂದು ಹತ್ತಿರದ ಬಾಡ್ ಕ್ರೊಯ್ಟ್ಸ್‌ನಾಖ್ ಪಟ್ಟಣದಲ್ಲಿ ಶಿಬಿರ ಹಾಕಿದ್ದರು. ಆಗಿದ್ದ ತರಬೇತುದಾರರನ್ನು ಕ್ಲಬ್ಬು ಕೈಬಿಟ್ಟಿತು. ಹೊಸಬರನ್ನು ಹುಡುಕಲು ಸಮಯವಿಲ್ಲ, ಹಣವೂ ಇಲ್ಲ. ವ್ಯವಸ್ಥಾಪಕ ಕ್ರಿಸ್ಟಿಯಾನ್ ಹೈಡೆಲ್ ಅವರು ಇನ್ನೂ ಆಡುತ್ತಿದ್ದ ಡಿಫೆಂಡರ್ ಕ್ಲಾಪ್‌ಗೇ ತಂಡ ಒಪ್ಪಿಸಿದರು. ಫೆಬ್ರವರಿ 28, ಕಾರ್ನಿವಲ್ ಮುಗಿದ ಮಾರನೇ ದಿನ, ಡುಯಿಸ್‌ಬರ್ಗ್ ವಿರುದ್ಧ ಮೊದಲ ಪಂದ್ಯ. ಮೈಂಜ್ 1–0 ಗೆದ್ದಿತು. ಮೊದಲ ಏಳರಲ್ಲಿ ಆರು ಪಂದ್ಯ ಗೆದ್ದು ತಂಡ ಉಳಿಯಿತು. ಕ್ಲಾಪ್ ಮತ್ತೆ ಆಟಗಾರರಾಗಿ ಮೈದಾನಕ್ಕೆ ಇಳಿಯಲಿಲ್ಲ. ಸುಲಭಕ್ಕೆ ಹೊಗಳದ ಅವರ ತಂದೆ ಇದನ್ನು ನೋಡಲಿಲ್ಲ. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು.

ಉಳಿಸಿದ್ದಾಯಿತು, ಇನ್ನು ಏರಬೇಕು. ಮೊದಲ ಮೂರು ಸ್ಥಾನದಲ್ಲಿದ್ದವರಿಗೆ ಮೇಲಿನ ದರ್ಜೆಗೆ ಬಡ್ತಿ. 2002ರಲ್ಲಿ ಕೊನೆಯ ದಿನ ಬರ್ಲಿನ್‌ನಲ್ಲಿ ಡ್ರಾ ಆಗಿದ್ದರೂ ಸಾಕಿತ್ತು. 3–1ರಿಂದ ಸೋತರು. ಒಂದು ಅಂಕದಿಂದ ನಾಲ್ಕನೇ ಸ್ಥಾನ.

2003ರಲ್ಲಿ ಮತ್ತೆ ಕೊನೆಯ ದಿನ. ಬ್ರೌನ್‌ಶ್ವೈಗ್‌ನಲ್ಲಿ ಮೈಂಜ್ 4–1 ಗೆದ್ದಿತು. ಇತ್ತ ಫ್ರಾಂಕ್‌ಫರ್ಟ್ ತನ್ನ ಪಂದ್ಯದಲ್ಲಿ 3–3ಕ್ಕೆ ನಿಂತಿತ್ತು. ಕೊನೆಯ ಹತ್ತು ನಿಮಿಷದೊಳಗೆ ಫ್ರಾಂಕ್‌ಫರ್ಟ್ ಮೂರು ಗೋಲು ಹೊಡೆಯಿತು. ಕಡೆಯದು ಬಿದ್ದದ್ದು ತೊಂಬತ್ತು ನಿಮಿಷ ದಾಟಿದ ಮೇಲೆ. ಎರಡೂ ತಂಡಕ್ಕೆ 62 ಅಂಕ. ಗೋಲುಗಳ ವ್ಯತ್ಯಾಸ ನೋಡಿದರೆ ಫ್ರಾಂಕ್‌ಫರ್ಟ್‌ಗೆ 26, ಮೈಂಜ್‌ಗೆ 25. ಒಂದೇ ಒಂದು ಗೋಲು!

"ಆ ಅಜ್ಜ ಹೇಳಿದ್ದು ಇದಾ?" ಎಂದು ಮೊಮ್ಮಗ ಮೆಲ್ಲನೆ ಟೋಪಿ ತೆಗೆದು ಚೀಲದೊಳಗಿಟ್ಟ. ನಾವು ನಕ್ಕೆವು.

ಸೋತ ತಂಡವನ್ನು ಊರು ಬಯ್ಯಲಿಲ್ಲ. ಸಾವಿರಾರು ಜನ ಸೇರಿ ಸ್ವಾಗತಿಸಿದರು. ಬಿದ್ದ ಮೇಲೆ ಏಳುವುದು ಹೇಗೆಂದು ತೋರಿಸೋಣ ಎಂಬ ಅರ್ಥದ ಮಾತನ್ನು ಕ್ಲಾಪ್ ಆಗ ಆಡಿದರು. ಕೆಥೆಡ್ರಲ್ ಸುಟ್ಟರೂ ಮತ್ತೆ ಕಟ್ಟಿದ ಊರಿಗೆ ಆ ಮಾತು ಹೊಸದೇನಲ್ಲ.

2004ರ ಮೇ 23. ಮೂರನೆಯ ಸಲ ಕೊನೆಯ ದಿನ. ಇದೇ ಬ್ರೂಕ್‌ವೆಗ್ ಮೈದಾನದಲ್ಲಿ ಟ್ರಿಯರ್ ತಂಡದ ಮೇಲೆ 3–0 ಗೆಲುವು. ಮೈಂಜ್‌ಗೆ 54 ಅಂಕ, ಕಾಟ್‌ಬುಸ್ ತಂಡಕ್ಕೂ 54. ಮತ್ತೆ ಗೋಲುಗಳ ವ್ಯತ್ಯಾಸ ನೋಡಬೇಕಾಯಿತು. ಈ ಸಲ ಅದು ಮೈಂಜ್‌ ಪಾಲಿಗೆ ಬಂತು. ಇಲ್ಲಿ ಒಂದು ಸಂಗತಿ ಗಮನಿಸಿ. ಕಾಟ್‌ಬುಸ್ ಹೊಡೆದ ಗೋಲು ಮೈಂಜ್‌ಗಿಂತ ಹೆಚ್ಚು. ಆದರೆ ಮೈಂಜ್ ಬಿಟ್ಟುಕೊಟ್ಟ ಗೋಲು ಅವರಿಗಿಂತ ಬಹಳ ಕಡಿಮೆ. ಅಂದರೆ ಊರನ್ನು ಮೊದಲ ಬಾರಿಗೆ ಮೊದಲನೇ ದರ್ಜೆಗೆ ಏರಿಸಿದ್ದು ತಡೆದ ಗೋಲುಗಳು. ಮೊಮ್ಮಗ ಇದನ್ನು ಎರಡು ಸಲ ಹೇಳಿಸಿಕೊಂಡು, ಬೆರಳು ಮಡಿಚಿ ಲೆಕ್ಕ ಹಾಕಿದ.

ಮೊಳೆಗಳ ಸಾಲು

ಸಂಜೆ ನನ್ನ ಸರದಿ. ಗುಟೆನ್‌ಬರ್ಗ್ ವಸ್ತುಸಂಗ್ರಹಾಲಯದಲ್ಲಿ ಅವರು 1455ರ ಸುಮಾರಿಗೆ ಅಚ್ಚು ಹಾಕಿದ ಬೈಬಲ್ ಇದೆ. ಪುಟಕ್ಕೆ 42 ಸಾಲು. ಆಗ ಮುದ್ರಿಸಿದ್ದು ಸುಮಾರು 180 ಪ್ರತಿ. ಸೀಸ ಬೆರೆಸಿದ ಲೋಹವನ್ನು ಕಾಯಿಸಿ ಅಚ್ಚಿಗೆ ಸುರಿದು ಒಂದೊಂದೇ ಅಕ್ಷರದ ಮೊಳೆ ಮಾಡುವುದನ್ನು ತೋರಿಸುತ್ತಾರೆ. ಮೊಳೆಗಳನ್ನು ತಲೆಕೆಳಗಾಗಿ ಸಾಲು ಹಿಡಿದು ಜೋಡಿಸಿ, ಅಲುಗದಂತೆ ಬಿಗಿಯಬೇಕು. ಒಂದು ಮೊಳೆ ಸಡಿಲವಾದರೂ ಪುಟ ಕೆಡುತ್ತದೆ. "ಇದೂ ನಾಲ್ಕು ಜನರ ಸಾಲಿನ ಥರಾನೇ" ಎಂದ ಮೊಮ್ಮಗ. ಆ ಹೋಲಿಕೆ ನನಗೆ ಹೊಳೆದಿರಲಿಲ್ಲ.

ಕನ್ನಡಕ್ಕೂ ಜರ್ಮನಿಗೂ ಅಚ್ಚಿನ ನಂಟಿದೆ. ಕ್ಲಾಪ್ ಬೆಳೆದ ವುರ್ಟೆಂಬರ್ಗ್ ಸೀಮೆಯವರೇ ಆದ ಹೆರ್ಮನ್ ಮೊಗ್ಲಿಂಗ್ ಮಂಗಳೂರಿಗೆ ಬಂದು, 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಎಂಬ ಮೊದಲ ಕನ್ನಡ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಹೊರತಂದರು. ಅದೇ ದಿನ ನಮ್ಮಲ್ಲಿ ಪತ್ರಿಕಾ ದಿನ. ನೀವು ಈಗ ಕೈಯಲ್ಲಿ ಹಿಡಿದ ಈ ವಾರಪತ್ರಿಕೆಯ ಬೇರೂ ಸ್ವಲ್ಪ ಮಟ್ಟಿಗೆ ರೈನ್ ಸೀಮೆಗೆ ಹೋಗಿ ಮುಟ್ಟುತ್ತದೆ.

ಆಮೇಲೆ ಏನಾಯಿತು?

ಮೈಂಜ್ ಮೂರು ವರ್ಷ ಮೊದಲನೇ ದರ್ಜೆಯಲ್ಲಿದ್ದು 2007ರಲ್ಲಿ ಮತ್ತೆ ಕೆಳಗಿಳಿಯಿತು. ಕ್ಲಾಪ್ ತಂಡ ಬಿಟ್ಟು ಓಡಲಿಲ್ಲ. ಇನ್ನೊಂದು ವರ್ಷ ಪ್ರಯತ್ನಪಟ್ಟರು, ಆಗಲಿಲ್ಲ. 2008ರಲ್ಲಿ ಗುಟೆನ್‌ಬರ್ಗ್ ಚೌಕದಲ್ಲಿ ಸೇರಿದ ಸಾವಿರಾರು ಜನರ ಮುಂದೆ ಅತ್ತು ಬೀಳ್ಕೊಂಡರು. ಡಾರ್ಟ್‌ಮುಂಡ್‌ಗೆ ಹೋಗಿ 2011, 2012ರಲ್ಲಿ ಜರ್ಮನಿಯ ಲೀಗ್ ಗೆದ್ದರು. 2015ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಸೇರಿದರು. 2019ರಲ್ಲಿ ಬಾರ್ಸಿಲೋನಾ ಎದುರು ಮೊದಲ ಪಂದ್ಯ 3–0 ಸೋತೂ, ಮರುಪಂದ್ಯ 4–0 ಗೆದ್ದು, ಮುಂದೆ ಯುರೋಪಿನ ಚಾಂಪಿಯನ್ ಆದರು. ಮರುವರ್ಷ, ಲಿವರ್‌ಪೂಲ್ ಮೂವತ್ತು ವರ್ಷ ಕಾದಿದ್ದ ಇಂಗ್ಲೆಂಡಿನ ಲೀಗ್ ಪಟ್ಟವೂ ಬಂತು.

ಕಥೆಗೆ ಒಂದು ಬಾಲವಿದೆ. 2009ರಲ್ಲಿ ಮೈಂಜ್‌ಗೆ ತರಬೇತುದಾರರಾಗಿ ಬಂದವರು ಥೋಮಸ್ ಟುಖೆಲ್. ಅವರೂ ಡಿಫೆಂಡರ್. ಮಂಡಿಯ ಗಾಯದಿಂದ ಇಪ್ಪತ್ತೈದರ ಆಸುಪಾಸಿನಲ್ಲೇ ಆಟ ನಿಲ್ಲಿಸಬೇಕಾದವರು. 2021ರಲ್ಲಿ ಚೆಲ್ಸಿ ತಂಡದೊಡನೆ ಅವರೂ ಯುರೋಪಿನ ಚಾಂಪಿಯನ್ ಆದರು. ಮೂರು ವರ್ಷದೊಳಗೆ ಎರಡು ಕಪ್ಪು, ಎರಡನ್ನೂ ಗೆದ್ದದ್ದು ಈ ಪುಟ್ಟ ಊರಿನಲ್ಲಿ ಕೆಲಸ ಕಲಿತವರು, ಇಬ್ಬರೂ ಹಿಂದೆ ನಿಂತು ಆಡಿದವರು.

ನನ್ನ ಮೊಮ್ಮಗ ಆ ತಿಂಗಳು ಮುಗಿದ ಮೇಲೂ ಆಟಕ್ಕೆ ಹೋಗುತ್ತಿದ್ದಾನೆ. ಗೋಲು ಹೊಡೆಯುವ ಆಸೆ ಹೋಗಿಲ್ಲ. ಕಾರ್ನರ್ ಕಿಕ್ ಸಿಕ್ಕಾಗ ಮಾತ್ರ ಮುಂದೆ ಓಡಲು ತರಬೇತುದಾರರ ಒಪ್ಪಿಗೆ ಪಡೆದಿದ್ದಾನಂತೆ. ಮನೆಯಲ್ಲಿ ಅವನ ಕೂಗು ಹೆಚ್ಚಾಗಿದೆ ಎಂದು ಮಗಳ ದೂರು.

ನೀವು ಎಂದಾದರೂ ಫ್ರಾಂಕ್‌ಫರ್ಟ್ ಕಡೆ ಹೋದರೆ ಒಂದು ದಿನ ಮೈಂಜ್‌ಗೆ ಇಡಿ. ಶನಿವಾರ ಹೋದರೆ ಸಂತೆಯೂ ಸಿಗುತ್ತದೆ. ಎಲ್ಲವನ್ನೂ ನಡೆದೇ ನೋಡಬಹುದು, ಮೈದಾನಕ್ಕೆ ಮಾತ್ರ ಬಸ್ಸು ಬೇಕು. ಹೋಗಲಾಗದಿದ್ದರೆ ಹೀಗೆ ಮಾಡಿ. ಮುಂದಿನ ಸಲ ತಾತ ಮೊಮ್ಮಕ್ಕಳು ಟೀವಿ ಮುಂದೆ ಕೂತು ಫುಟ್‌ಬಾಲ್ ನೋಡುವಾಗ, ಹತ್ತು ನಿಮಿಷ ಚೆಂಡಿನ ಮೇಲಿನ ಕಣ್ಣು ತೆಗೆದು ಹಿಂದಿನ ನಾಲ್ವರನ್ನಷ್ಟೇ ನೋಡಿ. ಯಾರು ಕೈ ತೋರಿಸುತ್ತಾರೆ, ಯಾರು ಯಾರಿಗಾಗಿ ಜಾಗ ತುಂಬುತ್ತಾರೆ, ಎಷ್ಟು ಗೋಲು ಹುಟ್ಟುವ ಮೊದಲೇ ನಿಂತುಹೋಗುತ್ತವೆ, ಎಣಿಸಿ ನೋಡಿ.